ಬಿಟ್ಟವರು ಯಾರು, ಬಿಡಿಸಿದವರು ಯಾರು?

ಕೊಡಗಿನ ಸುದ್ದಿಗಳಲ್ಲಿ ಒಂದು ಕ್ರಿಯಾಪದ ಮತ್ತೆ ಮತ್ತೆ ಎದುರಾಗುತ್ತದೆ. ಯುವಕರು ಊರು ಬಿಡುತ್ತಿದ್ದಾರೆ. ರೈತರು ಗದ್ದೆ ಬಿಡುತ್ತಿದ್ದಾರೆ. ಗುಡ್ಡ ಜರಿಯುವ ಭಯಕ್ಕೆ ಜನ ಮನೆ ಬಿಟ್ಟರು. ಹಾಡಿಯ ಆದಿವಾಸಿಗಳು ಕಾಡು ಬಿಟ್ಟರು. ಓದುತ್ತಾ ಹೋದರೆ ನಾಲ್ಕೂ ಒಂದೇ ಬಗೆಯ ಘಟನೆ ಎನಿಸಿಬಿಡುತ್ತದೆ: ಯಾರೋ ಒಬ್ಬರು ಮನಸ್ಸು ಮಾಡಿದರು, ಎದ್ದು ಹೊರಟರು. ನಿಜದಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ಅಜಗಜಾಂತರ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೋದ ಹುಡುಗನೂ ನಾಗರಹೊಳೆಯ ಒಳಗಿನಿಂದ ಲಾರಿ ಹತ್ತಿದ ಜೇನು ಕುರುಬರ ಕುಟುಂಬವೂ ಒಂದೇ ಕ್ರಿಯಾಪದದ ಕೆಳಗೆ ಬಂದಾಗ ಯಾವುದೋ ಒಂದು ಸಂಗತಿ ಮರೆಯಾಗುತ್ತದೆ. ಅದು ಏನೆಂದು ತಿಳಿಯಬೇಕಾದರೆ ‘ಬಿಡು’ ಎಂಬ ಮಾತನ್ನೇ ಸ್ವಲ್ಪ ಬಿಡಿಸಿ ನೋಡಬೇಕು.

ಹೊರಗೆ ಹೋಗುವುದಕ್ಕೆ ಕನ್ನಡದಲ್ಲಿ ಮಾತುಗಳಿಗೇನೂ ಬರವಿಲ್ಲ. ಹೊರಡು ಎಂಬುದು ಹಳಗನ್ನಡದ ಪೊರಮಡು. ಅದರಲ್ಲಿ ಇರುವುದು ಹೊರಗೆ ಕಾಲಿಡುವ ಕ್ರಿಯೆಯಷ್ಟೇ. ಅಗಲು ಎಂದರೆ ದೂರವಾಗುವ ನೋವು ಮುಂದೆ ಬರುತ್ತದೆ, ತೊರೆ ಎಂದರೆ ವೈರಾಗ್ಯ. ಬಿಡು ಇವುಗಳ ಸಾಲಿನದಲ್ಲ. ಅದರ ಒಡಲಲ್ಲಿ ಪ್ರಯಾಣವೇ ಇಲ್ಲ. ಇರುವುದು ಹಿಡಿತ ಸಡಿಲಾಗುವುದು. ಅದಕ್ಕೇ ಅದರ ಜೋಡಿ ‘ಹಿಡಿ’. ಜ್ವರ ಹಿಡಿಯುತ್ತದೆ, ಬಿಡುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ, ಬಿಡುವುದು ಯಾವಾಗ ಎಂದು ಭಾಗಮಂಡಲದವರನ್ನು ಕೇಳಬೇಕು. ಮುಷ್ಟಿ ತೆರೆದರೆ ಕೈ ಬಿಟ್ಟಂತೆ, ರೆಪ್ಪೆ ತೆರೆದರೆ ಕಣ್ಣು ಬಿಟ್ಟಂತೆ. ಹೂಮಳೆ ಬಿದ್ದು ವಾರ ಕಳೆಯುವಷ್ಟರಲ್ಲಿ ಕಾಫಿ ಗಿಡ ಮೊಗ್ಗಿನ ಬಿಗಿ ಸಡಿಲಿಸಿ ಹೂ ಬಿಡುತ್ತದೆ. ಹಾರಂಗಿ ಜಲಾಶಯ ತುಂಬಿದರೆ ನದಿಗೆ ನೀರು ಬಿಡುತ್ತಾರೆ. ಮಗುವನ್ನು ಶಾಲೆಗೆ ಬಿಡುತ್ತಾರೆ, ನಾಯಿಯನ್ನು ಒಳಗೆ ಬಿಡುವುದಿಲ್ಲ. ಊರು ಬಿಡುವ ಮಾತಿಗೆ ನೇರ ವಿರುದ್ಧವಾಗಿ ನಿಲ್ಲುವ ಬೇರೂರುವ ಕ್ರಿಯೆಗೂ ನಾವು ‘ಬೇರು ಬಿಡು’ ಎನ್ನುತ್ತೇವೆ.

ಹಿಡಿ–ಬಿಡು ಜೋಡಿಯನ್ನು ಇಲ್ಲಿ ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಕಂದಾಯ ಇಲಾಖೆಯ ‘ಹಿಡುವಳಿ’ ಹುಟ್ಟಿದ್ದು ಇದೇ ‘ಹಿಡಿ’ಯಿಂದ. ಹಿಡುವಳಿ ಇದ್ದವನು ಬಿಡಬಲ್ಲ. ಇಲ್ಲದವನು ಏನನ್ನು ಬಿಡುತ್ತಾನೆ? ಈ ಪ್ರಶ್ನೆಗೆ ಮತ್ತೆ ಬರುತ್ತೇನೆ.

ಪದದ ವಂಶಾವಳಿ ದೊಡ್ಡದು. ತಮಿಳಿನಲ್ಲಿ ವಿಡು, ಮಲಯಾಳದಲ್ಲಿ ವಿಡುಕ, ತೆಲುಗಿನಲ್ಲಿ ವಿಡಿಚು. ಪದದ ಮೊದಲಿನ ವಕಾರ ಕನ್ನಡದಲ್ಲಿ ಬಕಾರವಾಗುವುದು ವಾಡಿಕೆ. ಅವರ ವಿಲ್ ನಮಗೆ ಬಿಲ್ಲು, ಅವರ ವಾಯ್ ನಮಗೆ ಬಾಯಿ. ಕೊಡವ ತಕ್ಕಿನಲ್ಲಿ ಇದೇ ಮಾತು ‘ಬುಡ್’. ತುಟಿಯ ಅಕ್ಷರದ ನಂತರ ಬರುವ ಇ, ಎ ಸ್ವರಗಳು ಮುಂದೆ ಟ, ಡ, ಣ, ಳಗಳಂಥ ಅಕ್ಷರವಿದ್ದರೆ ಉ, ಒ ಆಗುವುದು ಆ ಭಾಷೆಯ ಜಾಯಮಾನ. ಕನ್ನಡದ ಹೆಣ್ಣು ಅಲ್ಲಿ ‘ಪೊಣ್ಣ್’ ಆದದ್ದು ಹೀಗೆಯೇ. ಹಾಗೆಂದು ಬುಡ್ ಕೊಡವರ ಸ್ವಂತ ಸೊತ್ತೇನಲ್ಲ. ತುಳುವರೂ ಹಾಗೇ ಹೇಳುತ್ತಾರೆ, ಮಂಡ್ಯ ಮೈಸೂರು ಕಡೆಯ ಹಳ್ಳಿಯವರು ‘ಬುಡು’ ಎಂದಾಗ ನಗುವ ಪೇಟೆಯವರಿಗೆ ಅದರ ಹಿಂದೊಂದು ನಿಯಮವಿದೆ ಎಂಬುದು ಗೊತ್ತಿರುವುದಿಲ್ಲ.

ಇದೇ ಧಾತುವಿನ ಸ್ವರ ದೀರ್ಘವಾದರೆ ಬೀಡು. ತಮಿಳರ ವೀಡು ಎಂದರೆ ಮನೆ. ಅದೇ ಮಾತು ಮೋಕ್ಷವೂ ಹೌದು. ವಿರಾಜಪೇಟೆಯ ಅಂಗಡಿಯಲ್ಲಿ ಮಲಯಾಳಂ ಮಾತನಾಡುವವರು ದಿನಕ್ಕೆ ಹತ್ತು ಬಾರಿ ‘ವೀಡ್’ ಎನ್ನುತ್ತಾರೆ. ಬಿಡುವುದರಿಂದ ಮನೆ ಹುಟ್ಟಿದ್ದು ಹೇಗೆ? ಹೊರೆ ಇಳಿಸಿ, ಎತ್ತಿನ ನೊಗ ಬಿಟ್ಟು ತಂಗುವ ಜಾಗ ಬೀಡು. ಮೊದಲು ಪಾಳೆಯ, ಆಮೇಲೆ ರಾಜಧಾನಿ. ‘ನೆಲೆವೀಡಿನೊಳ್’ ಅರಸನು ಸುಖದಿಂದ ರಾಜ್ಯವಾಳುತ್ತಿರಲು ಎಂದು ಶಾಸನಗಳು ಶುರುವಾಗುತ್ತವೆ, ಹೊಯ್ಸಳರು ಆಳಿ ಹಾಳಾದ ಊರು ಹಳೇಬೀಡು. ಮಡಿಕೇರಿಯ ಪಕ್ಕದಲ್ಲೇ ಗಾಳಿಬೀಡು ಇದೆ. ಜುಲೈನಲ್ಲಿ ಅಲ್ಲಿಗೆ ಹೋದವರಿಗೆ ಹೆಸರಿನ ಅರ್ಥ ಬೇರೆ ಹೇಳಬೇಕಾಗಿಲ್ಲ. ಬಿಡಾರವೂ ಇದೇ ಬಳಗದ್ದು. ಆದರೆ ‘ಬಿಟ್ಟಿ ಚಾಕರಿ’ಯ ಬಿಟ್ಟಿ ಮಾತ್ರ ಬಿಡುವಿನ ಸಂಬಂಧಿಯಲ್ಲ. ಅದು ಸಂಸ್ಕೃತದ ವಿಷ್ಟಿ, ಎಂದರೆ ಅರಸನಿಗೆ ಕೂಲಿಯಿಲ್ಲದೆ ಮಾಡಲೇಬೇಕಾಗಿದ್ದ ದುಡಿಮೆ.

‘ಬೀಡುಬಿಡು’ ಎಂಬ ಜೋಡುಪದವನ್ನು ಕೊಡಗಿನಲ್ಲಿ ಈಗ ಹೆಚ್ಚಾಗಿ ಆನೆಗಳಿಗೆ ಬಳಸುತ್ತಾರೆ. ಕಾಡಾನೆಗಳ ಹಿಂಡು ತೋಟದಲ್ಲಿ ಬೀಡುಬಿಟ್ಟಿದೆ ಎಂಬ ಸಾಲನ್ನು ಇಲ್ಲಿನ ಪತ್ರಿಕೆ ಓದುವವರು ತಿಂಗಳಿಗೆ ಹಲವು ಬಾರಿ ಓದುತ್ತಾರೆ. ಸಿದ್ದಾಪುರದ ಕಡೆ ಜನ ಗದ್ದೆ ಬಿಟ್ಟಲ್ಲಿ ಆನೆ ಬೀಡುಬಿಟ್ಟಿತು ಎಂದರೆ ವ್ಯಾಕರಣಕ್ಕೂ ಸರಿ, ವಾಸ್ತವಕ್ಕೂ ಸರಿ.

ಗದ್ದೆಯ ವಿಷಯಕ್ಕೆ ಬರೋಣ. ಈ ಜಿಲ್ಲೆಯಲ್ಲಿ ಅತಿ ಹೆಚ್ಚು ‘ಬಿಟ್ಟಿರುವುದು’ ಗದ್ದೆಯನ್ನೇ. ಇಬ್ಬರು ಬೆಳೆಗಾರರು ಭೇಟಿಯಾದರೆ ಮಾತು ಹೀಗೆ ಸಾಗುತ್ತದೆ: “ನಾಟಿ ಮುಗಿಯಿತೇ?” “ಎಲ್ಲಿಯ ನಾಟಿ? ಗದ್ದೆ ಬಿಟ್ಟು ಎಷ್ಟೋ ವರ್ಷವಾಯಿತು.” ಅಷ್ಟೇ. ವಿವರಣೆ ಯಾರೂ ಕೇಳುವುದಿಲ್ಲ. ಕಾರಣಗಳು ಎಲ್ಲರಿಗೂ ಬಾಯಿಪಾಠ. ಮಳೆಯನ್ನು ನಂಬಿದ ಒಂದೇ ಬೆಳೆ. ಕೂಲಿ ಕಳೆದರೆ ಉಳಿಯುವುದು ಹುಲ್ಲು. ಕೊಯ್ಲು ಬರುವುದು ಡಿಸೆಂಬರ್ ಜನವರಿಯಲ್ಲಿ, ಅದೇ ಹೊತ್ತಿಗೆ ಕಾಫಿ ಕುಯ್ಯುವ ಕೆಲಸ ಶುರು. ಆಳು ಸಿಕ್ಕರೆ ಯಾರೇ ಆದರೂ ಅವರನ್ನು ಮೊದಲು ಕಾಫಿಗೆ ಕಳುಹಿಸುತ್ತಾರೆ. ಕಣಿವೆಯ ಕಿರಿದಾದ, ಮೆಟ್ಟಿಲು ಮೆಟ್ಟಿಲಾದ ಗದ್ದೆಗಳಲ್ಲಿ ಬಯಲುಸೀಮೆಯ ಕೊಯ್ಲು ಯಂತ್ರ ತಿರುಗುವುದಿಲ್ಲ. ಉಳಿದದ್ದಕ್ಕೆ ಆನೆ, ಹಂದಿ.

ಇದಿಷ್ಟನ್ನು ಎಲ್ಲರೂ ಬರೆಯುತ್ತಾರೆ. ನನಗೆ ಮುಖ್ಯವೆನಿಸುವುದು ಬಿಟ್ಟ ಗದ್ದೆ ಏನಾಗುತ್ತದೆ ಎಂಬುದು. ಮೊದಲ ವರ್ಷ ಕೂಳೆಗಳ ನಡುವೆ ಹುಲ್ಲು ಬರುತ್ತದೆ, ಹಸುಗಳಿಗೆ ಹಬ್ಬ. ಬದುಗಳಲ್ಲಿ ಏಡಿ ತೋಡಿದ ತೂತುಗಳಿರುತ್ತವೆ. ಸಾಗುವಳಿ ಇದ್ದಾಗ ನಾಟಿಗೆ ಮುಂಚೆ ಕೆಸರು ಮೆತ್ತಿ ಅವನ್ನು ಮುಚ್ಚುತ್ತಿದ್ದರು. ಈಗ ಮುಚ್ಚುವವರಿಲ್ಲ. ಎರಡನೆಯ ಮಳೆಗಾಲಕ್ಕೆ ಆ ತೂತು ಅಗಲವಾಗಿ ನೀರು ಒಂದೇ ಕಡೆ ಕೊರೆದು ಇಳಿಯುತ್ತದೆ, ಗದ್ದೆಯ ಉಳಿದ ಭಾಗ ಒಣಗಿ ಬಿರಿಯುತ್ತದೆ. ಅದರ ಹಿಂದೆಯೇ ಜೊಂಡು, ಲಂಟಾನ, ಹಂದಿಗೆ ಅಡಗಲು ಪೊದೆ. ಮೆಟ್ಟಿಲು ಗದ್ದೆಗಳಲ್ಲಿ ನೀರು ಮೇಲಿನವನ ಗದ್ದೆಯಿಂದ ಕೆಳಗಿನವನ ಗದ್ದೆಗೆ ಇಳಿಯಬೇಕು. ಮೇಲಿನವನು ಬಿಟ್ಟರೆ ಕೆಳಗಿನವನಿಗೆ ನೀರಿನ ಲೆಕ್ಕ ತಪ್ಪುತ್ತದೆ. ಅಕ್ಕಪಕ್ಕದವರು ಬಿಟ್ಟರೆ ಹಂದಿಗಳೆಲ್ಲ ಉಳಿದ ಒಂದು ಗದ್ದೆಗೇ ನುಗ್ಗುತ್ತವೆ, ರಾತ್ರಿ ಕಾವಲಿಗೆ ಜೊತೆಯೂ ಇರುವುದಿಲ್ಲ. ಹೀಗಾಗಿ ಒಂದು ಬಯಲಿನಲ್ಲಿ ಮೊದಲು ಗದ್ದೆ ಬಿಟ್ಟವನು ಲೆಕ್ಕ ಹಾಕಿಯೇ ಬಿಟ್ಟಿರುತ್ತಾನೆ. ಐದನೆಯವನಿಗೆ ಆ ಸ್ವಾತಂತ್ರ್ಯ ಇರುವುದಿಲ್ಲ, ಅವನಿಂದ ನೆರೆಯವರು ಬಿಡಿಸಿದ್ದಾರೆ. ಸರ್ಕಾರದ ಅಂಕಿಅಂಶದಲ್ಲಿ ಇಬ್ಬರೂ ಒಂದೇ ಕಾಲಂ: ಪಾಳು.

ಕನ್ನಡದಲ್ಲಿ ಈ ವ್ಯತ್ಯಾಸ ಹೇಳಲು ಸಾಧನ ಇದೆ. ಗದ್ದೆ ಪಾಳು ಬಿತ್ತು ಎಂದರೆ ಕರ್ತೃ ಮಾಯ, ತಾನಾಗಿಯೇ ಆದಂತೆ. ಪಾಳು ಬಿಟ್ಟರು ಎಂದರೆ ಮಾಲೀಕನ ತಲೆಗೆ. ಬಿಟ್ಟುಬಿಟ್ಟರು ಎಂದರೆ ಇನ್ನು ಸರಿಹೋಗದು ಎಂಬ ವಿಷಾದವೂ ಸೇರಿತು. ಹೋಗಿಬಿಟ್ಟ, ಆಗಿಬಿಟ್ಟಿತು ಎಂಬಲ್ಲಿ ಕಾಣುವುದು ಇದೇ ಬಿಡು, ಕ್ರಿಯೆ ಮುಗಿದು ಕೈ ಮೀರಿತು ಎನ್ನುವುದು ಅಲ್ಲಿ ಅದರ ಕೆಲಸ. ಬಿಡುವಂತಾಯಿತು ಎಂದರೆ ಒತ್ತಡ ಬಯಲಿಗೆ ಬರುತ್ತದೆ. ಬಿಡಿಸಿದರು ಎಂದಾಗ ಮಾತ್ರ ಆರೋಪಿ ಕಟಕಟೆಗೆ ಬರುತ್ತಾನೆ. ವರದಿ ಬರೆಯುವವರು, ಅರ್ಜಿ ನಮೂನೆ ತಯಾರಿಸುವವರು ಈ ಐದರಲ್ಲಿ ಎರಡನ್ನಷ್ಟೇ ಬಳಸುತ್ತಾರೆ ಎಂಬುದು ನನ್ನ ತಕರಾರು.

ಗದ್ದೆಯನ್ನು ಬಿಡುವುದರಿಂದ ಇನ್ನೊಂದು ಸೂಕ್ಷ್ಮವೂ ಹುಟ್ಟುತ್ತದೆ. ಕೊಡಗಿನ ಹಳೆಯ ಭೂವ್ಯವಸ್ಥೆಯಲ್ಲಿ ಬಾಣೆ ಎಂಬುದು ಗದ್ದೆಯ ಅಂಗ. ಗದ್ದೆಗೆ ಸೊಪ್ಪು, ದನಕ್ಕೆ ಮೇವು, ಮನೆಗೆ ಸೌದೆ ಬೇಕೆಂದು ಗದ್ದೆಯ ಹಿಂದಿನ ಗುಡ್ಡವನ್ನು ಸೇರಿಸಿ ಕೊಟ್ಟದ್ದು. ಇಂದು ದುಡ್ಡು ಹುಟ್ಟುವುದು ಆ ಬಾಣೆಯಲ್ಲಿ, ಕಾಫಿ ಮೆಣಸಿನಿಂದ. ಯಾವುದರ ಸೇವೆಗೆಂದು ಬಾಣೆ ಬಂದಿತೋ ಆ ಗದ್ದೆ ಜೊಂಡಿನಲ್ಲಿ ಮುಚ್ಚಿದೆ. ಶುಂಠಿಗೆಂದು ಗುತ್ತಿಗೆ ಕೊಟ್ಟದ್ದು, ಮಣ್ಣು ತುಂಬಿಸಿ ನಿವೇಶನ ಮಾಡಿದ್ದು ಬೇರೆ. ಸುಗ್ಗಿಯ ಹಬ್ಬವಾದ ಹುತ್ತರಿಯ ರಾತ್ರಿ ಕದಿರು ತೆಗೆಯಲು ನೆರೆಯವರ ಗದ್ದೆಗೆ ಹೋಗಬೇಕಾದ ಮನೆತನಗಳು ಈಗ ಅಪರೂಪವೇನಲ್ಲ.

ಬಿಡು ಎಂಬುದಕ್ಕೆ ಇನ್ನೊಂದು ಹಳೆಯ ಅರ್ಥ ದಾನ. ಶಾಸನಗಳಲ್ಲಿ ‘ಬಿಟ್ಟ ದತ್ತಿ’ ಎಂದರೆ ದೇವಸ್ಥಾನಕ್ಕೋ ಮಠಕ್ಕೋ ಕೊಟ್ಟ ಭೂಮಿ. ಉಂಬಳಿ ಬಿಡುವುದು, ದೇವರಿಗೆ ಹೋರಿ ಬಿಡುವುದು ಇದೇ ಅರ್ಥದಲ್ಲಿ. ಕೊಡಗಿನಲ್ಲಿ ಇದರ ಜೀವಂತ ಉದಾಹರಣೆ ದೇವರಕಾಡು. ಸುಮಾರು 1,200 ದೇವರಕಾಡುಗಳು ಈ ಪುಟ್ಟ ಜಿಲ್ಲೆಯಲ್ಲಿವೆ, ಹಳ್ಳಿಗೊಂದಾದರೂ ಇರುವಷ್ಟು. ಕೊಡಲಿ ಹಾಕಬಾರದು, ಅಯ್ಯಪ್ಪನಿಗೋ ಭಗವತಿಗೋ ಬಿಟ್ಟದ್ದು. ಇಲ್ಲಿ ಬಿಡುವುದರಲ್ಲಿ ಕೈಬಿಡುವುದು ಇಲ್ಲ, ಬದಲಿಗೆ ಕಾವಲಿದೆ. ವ್ಯತ್ಯಾಸ ತರುವುದು ಒಂದು ವಿಭಕ್ತಿ: ದೇವರಿಗೆ. ಯಾರಿಗೆ ಬಿಟ್ಟದ್ದು ಎಂಬುದಕ್ಕೆ ಉತ್ತರ ಇರುವವರೆಗೆ ಕಾಡು ಉಳಿಯಿತು. ಅರಣ್ಯ ಮತ್ತು ಕಂದಾಯ ಇಲಾಖೆಗಳ ನಡುವೆ ಕೈ ಬದಲಾಗಿ, ಕಡತದಲ್ಲಿ ಯಾರದ್ದೂ ಅಲ್ಲದ ಜಾಗದಂತೆ ಕಂಡ ಕಾಲದಲ್ಲಿ ಅನೇಕ ದೇವರಕಾಡುಗಳ ಅಂಚು ಕಾಫಿ ತೋಟದೊಳಗೆ ಸರಿಯಿತು. ಯಾರಿಗೆ ಎಂಬುದು ಅಳಿಸಿದ ಮೇಲೆ ಬಿಟ್ಟದ್ದು ಎಂದರೆ ಕೈಬಿಟ್ಟದ್ದು ಎಂದೇ ಜನ ಓದಿಕೊಂಡರು.

ಇನ್ನು ಲೈನ್ ಮನೆ. ತೋಟದ ಅಂಚಿನಲ್ಲಿ ಒಂದೇ ಗೋಡೆ ಹಂಚಿಕೊಂಡು ಸಾಲಾಗಿ ನಿಂತ ಕೋಣೆಗಳು. ಯರವರು, ಕುರುಬರು, ಹೊರಗಿನಿಂದ ಬಂದ ಕೂಲಿಯವರು ತಲೆಮಾರುಗಳಿಂದ ಇದ್ದ ಬಿಡಾರ. ಇಲ್ಲಿನ ನಿಯಮ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಗೊತ್ತು: ಕೆಲಸ ಬಿಟ್ಟರೆ ಮನೆ ಬಿಡಬೇಕು. ಎರಡು ಬಿಡುಗಳನ್ನು ಹೀಗೆ ಗಂಟು ಹಾಕಿರುವುದರಿಂದಲೇ ಮೊದಲನೆಯದಕ್ಕೆ ಧೈರ್ಯ ಬರುವುದಿಲ್ಲ. ಜೀತ ಪದ್ಧತಿ ರದ್ದತಿ ಕಾಯ್ದೆ 1976ರಲ್ಲಿ ಬಂದಿತು. ಜೀತದಿಂದ ಹೊರಬಂದವರಿಗೆ ಸಿಗಬೇಕಾದ ಕಾಗದದ ಹೆಸರು ಬಿಡುಗಡೆ ಪ್ರಮಾಣಪತ್ರ. ಬಿಡುಗಡೆ ಎಂಬ ಸುಂದರ ಪದ ಸಿಕ್ಕಿತು. ಬಿಡುಗಡೆಯಾಗಿ ಹೋಗುವುದೆಲ್ಲಿಗೆ ಎಂಬ ಪ್ರಶ್ನೆ ಉಳಿಯಿತು. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡಿದ್ದ ಆದಿವಾಸಿ ಕುಟುಂಬಗಳನ್ನು ತೆರವು ಮಾಡಿದಾಗ ಅಲ್ಲಿ ಇದ್ದವರಲ್ಲಿ ಲೈನ್ ಮನೆಗಳಿಂದ ಬಂದವರು ಬಹಳ. ತೆರವು ಎಂಬುದೂ ಜಾಣ ಪದ. ಖಾಲಿ ಮಾಡಿದ್ದು ಜಾಗ, ಜನ ಎಲ್ಲಿ ಎಂದು ಅದು ಹೇಳುವುದಿಲ್ಲ. ಹಳೆಯ ಕನ್ನಡದಲ್ಲಿ ಇದಕ್ಕೆ ನೇರವಾದ ಮಾತೇ ಇದೆ, ಒಕ್ಕಲೆಬ್ಬಿಸು. ಒಕ್ಕಲು ಎಂದರೆ ಒಂದು ಕಡೆ ನೆಲೆಸಿರುವಿಕೆ, ಕೊಡವರ ಮನೆತನದ ಹೆಸರಾದ ಒಕ್ಕಕ್ಕೆ ಹತ್ತಿರದ ನಂಟು. ಒಕ್ಕದ ಹೆಮ್ಮೆ ಇರುವ ನಾಡಿನಲ್ಲಿ ಒಕ್ಕಲೆಬ್ಬಿಸುವುದು ಎಂದರೇನೆಂದು ಬಿಡಿಸಿ ಹೇಳಬೇಕೇ?

ಊರು ಬಿಡುವ ಯುವಜನರ ಬಗ್ಗೆ ಬಹಳ ಹೇಳುವುದಿಲ್ಲ, ಅದು ಕರ್ನಾಟಕದ ಎಲ್ಲ ಗುಡ್ಡಗಾಡು ಜಿಲ್ಲೆಗಳ ಕಥೆ. 2001ರ ಜನಗಣತಿಯಲ್ಲಿ 5,48,561 ಇದ್ದ ಕೊಡಗಿನ ಜನಸಂಖ್ಯೆ 2011ರಲ್ಲಿ 5,54,519 ಆಯಿತು; ಹತ್ತು ವರ್ಷಕ್ಕೆ ಶೇ 1ರಷ್ಟು ಏರಿಕೆ. ರಾಜ್ಯದ ಏರಿಕೆ ಶೇ 15ಕ್ಕೂ ಹೆಚ್ಚು. ಮಕ್ಕಳು ಕಡಿಮೆಯಾದದ್ದೂ ಕಾರಣ, ಹೊರಗೆ ಹೋದದ್ದೂ ಕಾರಣ. ಅವರು ಊರು ಬಿಟ್ಟರೂ ಪಹಣಿಯಲ್ಲಿ ಹೆಸರು ಬಿಟ್ಟಿಲ್ಲ, ಕೈಲ್ ಮುಹೂರ್ತದ ಹಬ್ಬಕ್ಕೆ ಕಾರಿನಲ್ಲಿ ಬರುತ್ತಾರೆ. ಹಿಡಿತ ಹಾಗೇ ಇದೆ. ಹಿಡಿತ ನಿಜಕ್ಕೂ ಬಿಡುವವರು ಯಾರೆಂದರೆ ಮದುವೆಯಾದ ಹೆಣ್ಣುಮಕ್ಕಳು. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಲು ಅವರನ್ನೇ ಉಪನೋಂದಣಿ ಕಚೇರಿಗೆ ಕರೆದೊಯ್ಯುವುದು. ಆ ಪತ್ರದಲ್ಲೂ ‘ಸ್ವಂತ ಇಚ್ಛೆಯಿಂದ’ ಎಂದು ಬರೆದಿರುತ್ತದೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡ ಕುಸಿದು ಮನೆ ಕಳೆದುಕೊಂಡವರದು ಬೇರೆಯೇ ಬಗೆ. ಅವರನ್ನು ಬಿಡಿಸಿದ್ದು ಮಣ್ಣು ಮತ್ತು ನೀರು. ಜಂಬೂರು, ಮದೆನಾಡಿನಲ್ಲಿ ಕಟ್ಟಿದ ಮನೆಗಳನ್ನು 2020ರಲ್ಲಿ ಹಸ್ತಾಂತರಿಸಿದರು. ಮನೆ ಅಲ್ಲಿ, ಉಳಿದ ತೋಟ ಇಲ್ಲಿ. ಬೆಳಗಾದರೆ ಹಳೆಯ ಊರಿಗೆ ಬಂದು ಮೆಣಸಿನ ಬಳ್ಳಿ ನೋಡಿ ಸಂಜೆ ಹೊಸ ಮನೆಗೆ ಮರಳುವವರಿದ್ದಾರೆ. ಅವರ ಪಾಲಿಗೆ ‘ಊರು ಬಿಟ್ಟರು’ ಎಂಬ ವಾಕ್ಯ ಅರ್ಧ ಸತ್ಯ. ಹಿಡುವಳಿಯ ಕಾಗದ ಇದ್ದುದರಿಂದ ಆ ಅರ್ಧವಾದರೂ ಉಳಿಯಿತು. ಅದೇ ಗುಡ್ಡಗಳಲ್ಲಿ ಬೇರೆಯವರ ತೋಟದ ಲೈನ್ ಮನೆಯಲ್ಲಿದ್ದವರಿಗೆ ತಾವು ಅಲ್ಲಿ ಇದ್ದೆವು ಎಂದು ತೋರಿಸುವುದೇ ಕಷ್ಟದ ಮಾತು.

ಮೇಲೆ ಬಿಟ್ಟುಬಂದ ಪ್ರಶ್ನೆ ಇದು: ಹಿಡುವಳಿಯೇ ಇಲ್ಲದವನು ಬಿಡುವುದು ಏನನ್ನು? ಅದರ ಕಗ್ಗಂಟು ಕಾಣುವುದು ನಾಗರಹೊಳೆಯಲ್ಲಿ. ಮೈಸೂರು ಮತ್ತು ಕೊಡಗಿನ ಗಡಿಯ ಈ ಕಾಡು 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅದಕ್ಕೂ ಮೊದಲಿನಿಂದ ಒಳಗಿದ್ದ ಜೇನು ಕುರುಬ, ಯರವ ಹಾಡಿಗಳನ್ನು ಹೊರತರುವ ಯೋಜನೆಗೆ ಸರ್ಕಾರ ಇಟ್ಟ ಹೆಸರು ‘ಸ್ವಯಂಪ್ರೇರಿತ ಸ್ಥಳಾಂತರ’. ಹಣ ಕೊಡುತ್ತಾರೆ, ಮನೆ ಕೊಡುತ್ತಾರೆ, ಬಿಟ್ಟುಕೊಡುತ್ತೇವೆ ಎಂದು ಸಹಿ ಮಾಡಿಸಿಕೊಳ್ಳುತ್ತಾರೆ. ರಸ್ತೆ, ಆಸ್ಪತ್ರೆ, ಶಾಲೆ ಬೇಕೆಂದು ನಿಜಕ್ಕೂ ಬಯಸಿ ಹೊರಬಂದ ಕುಟುಂಬಗಳು ಇವೆ. ಅದನ್ನು ಅಲ್ಲಗಳೆಯುವುದು ಅವರ ಬುದ್ಧಿಗೆ ಮಾಡುವ ಅವಮಾನ. ಆದರೆ ಕಾಡಿನಲ್ಲಿ ನಿಮಗೆ ಯಾವ ಹಕ್ಕೂ ಇಲ್ಲ ಎಂದು ದಶಕಗಳ ಕಾಲ ಹೇಳಿದ ವ್ಯವಸ್ಥೆಯೇ ಅದೇ ಜನರಿಂದ ಹಕ್ಕು ಬಿಟ್ಟುಕೊಟ್ಟೆವು ಎಂದು ಬರೆಸಿಕೊಳ್ಳುವುದು ಎಂಥ ತರ್ಕ? ಇಲ್ಲದ್ದನ್ನು ಬಿಡಲು ಬರುವುದಿಲ್ಲ. ಬಿಟ್ಟರೆಂದು ಬರೆದುಕೊಂಡ ಕ್ಷಣ, ಇತ್ತು ಎಂದು ಒಪ್ಪಿಕೊಂಡಂತೆ.

2006ರ ಅರಣ್ಯ ಹಕ್ಕು ಕಾಯ್ದೆ ಈ ಗಂಟನ್ನು ಬಿಡಿಸಲು ಮಾಡಿದ್ದು. ಮೊದಲು ಹಕ್ಕನ್ನು ಗುರುತಿಸಿ, ದಾಖಲಿಸಿ. ಆಮೇಲೆ, ಗ್ರಾಮಸಭೆ ಒಪ್ಪಿದರೆ ಮಾತ್ರ, ಸ್ಥಳಾಂತರದ ಮಾತು ಎಂಬುದು ಅದರ ಕ್ರಮ. ವನ್ಯಜೀವಿ ಕಾಯ್ದೆಗೆ ಅದೇ ವರ್ಷ ಬಂದ ತಿದ್ದುಪಡಿಯೂ ಹುಲಿ ಸಂರಕ್ಷಿತ ಪ್ರದೇಶಗಳಿಗೆ ಇದನ್ನೇ ಹೇಳುತ್ತದೆ. ಮೊದಲು ಹಿಡಿ, ಆಮೇಲೆ ಬಿಡು. ನಡೆದದ್ದು ಹಲವು ಕಡೆ ತಿರುಗುಮುರುಗಾಗಿ.

ಸ್ವಯಂಪ್ರೇರಣೆಯ ಕಾಗದಕ್ಕೆ ಈ ನಾಡಿನಲ್ಲಿ ಹಳೆಯ ಇತಿಹಾಸವಿದೆ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡಾಗ ಹೊರಡಿಸಿದ ಘೋಷಣೆಯಲ್ಲಿ ಇದು ಕೊಡಗಿನ ನಿವಾಸಿಗಳ ಒಮ್ಮತದ ಇಚ್ಛೆ ಎಂದೇ ಬರೆಯಲಾಗಿತ್ತು. ಕೊನೆಯ ಅರಸ ಚಿಕ್ಕವೀರರಾಜೇಂದ್ರ ಕೊಡಗು ‘ಬಿಟ್ಟು’ ಕಾಶಿಗೆ ಹೋದದ್ದು ಕಂಪನಿಯ ಕಾವಲಿನಲ್ಲಿ.

2025ರ ಮೇ ತಿಂಗಳಲ್ಲಿ ಜೇನು ಕುರುಬರ ಹಲವು ಕುಟುಂಬಗಳು ನಾಗರಹೊಳೆಯ ಕರಡಿಕಲ್ಲು ಅತ್ತೂರುಕೊಲ್ಲಿ ಹಾಡಿಗೆ ಮರಳಿ, ಟಾರ್ಪಾಲಿನ ಗುಡಿಸಲು ಕಟ್ಟಿ ಕುಳಿತವು. ತಮ್ಮ ಹಿರಿಯರನ್ನು 1980ರ ದಶಕದಲ್ಲಿ ಅಲ್ಲಿಂದ ಒಕ್ಕಲೆಬ್ಬಿಸಿದರು ಎಂಬುದು ಅವರ ವಾದ. ಅರಣ್ಯ ಇಲಾಖೆಯ ಕಣ್ಣಿಗೆ ಅದು ಹುಲಿ ಕಾಡಿನೊಳಗಿನ ಅಕ್ರಮ ಪ್ರವೇಶ. ಆ ಹಿರಿಯರು ಬಿಟ್ಟು ಹೋದವರಾದರೆ ಇಲಾಖೆಯ ಮಾತಿಗೆ ಬಲ, ಬಿಡಿಸಲ್ಪಟ್ಟವರಾದರೆ ಇವರು ಮಾಡಿದ್ದು ಮನೆಗೆ ಮರಳುವ ಕೆಲಸ. ಇದನ್ನು ತೀರ್ಮಾನಿಸಲು ಪಹಣಿ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಅರಣ್ಯ ಹಕ್ಕು ಕಾಯ್ದೆಯಡಿ 2008ರಲ್ಲಿ ಬಂದ ನಿಯಮಗಳ ಪ್ರಕಾರ ಹಳೆಯ ಸಮಾಧಿಗಳು, ದೇವರ ನೆಲೆಗಳು, ಮನೆ ಬಾವಿಗಳ ಗುರುತು, ಹಿರಿಯರು ಹೇಳಿ ಬರೆಸಿದ ಹೇಳಿಕೆ ಎಲ್ಲವೂ ಸಾಕ್ಷ್ಯವೇ. ಅವನ್ನು ಮೊದಲು ಪರಿಶೀಲಿಸಬೇಕಾದದ್ದು ಗ್ರಾಮಸಭೆ ಮತ್ತು ಅದರ ಅರಣ್ಯ ಹಕ್ಕು ಸಮಿತಿ.